ಮೊಬೈಲಿನಲ್ಲಿ ದೂರು ಕೊಡುವಾಗ
(ನಾಲತವಾಡದ ರೈತರ ಸಭೆಯಲ್ಲಿ ಗ್ರಾಮಸೇವಕರು ಆಡಿದ ಮಾತು)



ಬೀಜ, ಗೊಬ್ಬರ, ಹುಳುಗಳ ವಿಷಯವಾಗಿ ನಿಮ್ಮೊಡನೆ ಮಾತನಾಡುವುದು ನನ್ನ ವಾಡಿಕೆ. ಇಂದು ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ಹಣ ಕೊಟ್ಟು ತಂದ ವಸ್ತು ಕೆಟ್ಟರೆ ಆ ಮಾತನ್ನು ಕಂಪನಿಗೆ ಮುಟ್ಟಿಸುವುದು ಹೇಗೆ? ಈ ಕೆಲಸದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಅದನ್ನು ಮೊದಲು ನಿಮ್ಮ ಮುಂದೆ ಇಡುತ್ತೇನೆ.

ತೊಗರಿ ಹೂವಿಗೆ ಬಂದ ಹೊತ್ತು. ನಮ್ಮ ಭಾಗದ ರೈತರೊಬ್ಬರು ತಂದ ಔಷಧ ಹೊಡೆಯುವ ಬ್ಯಾಟರಿ ಪಂಪು ನಾಲ್ಕೇ ದಿನಕ್ಕೆ ನಿಂತಿತು. ಪಂಪು ದುರಸ್ತಿಯಾಗುವವರೆಗೆ ಕಾಯಿಕೊರಕ ಹುಳು ಕಾಯುತ್ತದೆಯೇ? ಅಂಗಡಿಯವರು "ಕಂಪನಿಗೆ ಹೇಳಿರಿ" ಎಂದು ಕೈ ತೊಳೆದುಕೊಂಡರು. ರೈತರ ಮಗ ಫೇಸ್‌ಬುಕ್ಕಿನಲ್ಲಿ ಕಂಪನಿಯ ಹೆಸರು ಹಿಡಿದು ಬೈದು ಬರೆದ. ಕೆಳಗೆ ತಮ್ಮ ಮೊಬೈಲ್ ಸಂಖ್ಯೆಯನ್ನೂ ಹಾಕಿದ. ಅರ್ಧ ತಾಸಿನಲ್ಲಿ "ನಾವು ಕಂಪನಿಯವರು" ಎಂದು ಕರೆ ಬಂತು. ಪಕ್ಕದಲ್ಲಿದ್ದ ನಾನು ಹಿಗ್ಗಿ, "ಅವರು ಹೇಳಿದಂತೆ ಮಾಡಿರಿ" ಎಂದೆ. ಹಣ ಮರಳಿಸುತ್ತೇವೆಂದು ಹೇಳಿ ಅವರು ಪಿನ್ ಒತ್ತಿಸಿದರು. ಪಂಪಿನ ಬೆಲೆಗಿಂತ ಹೆಚ್ಚು ಹಣ ಖಾತೆಯಿಂದ ಹೋಯಿತು. ಕೂಡಲೇ 1930ಕ್ಕೆ ತಿಳಿಸಬೇಕೆಂಬುದು ನಮಗೆ ಹೊಳೆಯಲಿಲ್ಲ. ಮರುದಿನ ಬ್ಯಾಂಕಿಗೆ ಹೋದಾಗ ಹೊತ್ತು ಮೀರಿತ್ತು.

ಹಾಗಾದರೆ ಇಂಥ ಜಾಲತಾಣಗಳಲ್ಲಿ ದೂರು ಕೊಡುವುದೇ ತಪ್ಪೇ? ತಪ್ಪಲ್ಲ. ಕಂಪನಿಗಳು ಇಂಥ ದೂರಿಗೆ ಕಿವಿಗೊಡುವುದು ನಿಜ. ಏಕೆಂದರೆ ಕಾಗದ ಬರೆದರೆ ಒಬ್ಬ ಗುಮಾಸ್ತ ಓದುತ್ತಾನೆ. ಇಲ್ಲಿ ಬರೆದರೆ ನಾಳೆ ಕೊಳ್ಳಬೇಕೆಂದಿರುವ ನೂರಾರು ಜನ ಓದುತ್ತಾರೆ. ಕೆನಡಾ ದೇಶದ ಹಾಡುಗಾರ ಡೇವ್ ಕ್ಯಾರಲ್ ಅವರ ಗಿಟಾರು 2008ರಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನ ಪ್ರಯಾಣದಲ್ಲಿ ಮುರಿಯಿತು. ಅವರು ತಿಂಗಳುಗಟ್ಟಲೆ ಕೇಳಿಕೊಂಡರೂ ಪರಿಹಾರ ಸಿಗಲಿಲ್ಲ. 2009ರ ಜುಲೈಯಲ್ಲಿ ಆ ಕತೆಯನ್ನೇ ಹಾಡು ಕಟ್ಟಿ ಯೂಟ್ಯೂಬಿಗೆ ಹಾಕಿದರು. ಲಕ್ಷಗಟ್ಟಲೆ ಜನ ನೋಡಿದರು. ಆಗ ಕಂಪನಿಯೇ ಪರಿಹಾರ ಕೊಡಲು ಮುಂದೆ ಬಂತು. ನಮ್ಮ ರೈಲ್ವೆ ಇಲಾಖೆಯೂ 'ರೈಲ್ವೆ ಸೇವಾ' ಎಂಬ ಖಾತೆಯ ಮೂಲಕ ಪ್ರಯಾಣಿಕರ ದೂರು ಕೇಳುತ್ತದೆ.

ದೊಡ್ಡ ಕಂಪನಿಗಳಲ್ಲಿ ಈ ಕೆಲಸಕ್ಕೆಂದೇ ಜನರಿರುತ್ತಾರೆ. ತಮ್ಮ ಹೆಸರು ಎಲ್ಲೆಲ್ಲಿ ಬಂದಿದೆಯೆಂದು ನೋಡುತ್ತಿರುತ್ತಾರೆ. ಮೊದಲು ಎಲ್ಲರೆದುರು "ಕ್ಷಮಿಸಿರಿ" ಎಂದು ಬರೆಯುತ್ತಾರೆ. ಆಮೇಲೆ ವಿವರಗಳನ್ನು ಖಾಸಗಿಯಾಗಿ ಕೇಳಿ, ದೂರಿನ ಸಂಖ್ಯೆ ಕೊಟ್ಟು, ದುರಸ್ತಿ ಕೇಂದ್ರಕ್ಕೆ ಕಳಿಸುತ್ತಾರೆ. ಉತ್ತರ ಬಂದ ಮಾತ್ರಕ್ಕೆ ಕೆಲಸವಾಯಿತೆಂದಲ್ಲ. ಕಳ್ಳರೂ ಇದೇ ದೂರುಗಳನ್ನು ಓದುತ್ತಿರುತ್ತಾರೆಂಬುದನ್ನು ಮರೆಯಬಾರದು.

ಆದುದರಿಂದ ಈ ಮಾತುಗಳನ್ನು ನೆನಪಿಡಿರಿ:

1. ಪಕ್ಕಾ ರಸೀದಿ ಇಲ್ಲದೆ ಏನನ್ನೂ ಕೊಳ್ಳಬೇಡಿರಿ. ಬೀಜವಾದರೆ ಚೀಲ, ಅದರ ಚೀಟಿ ಮತ್ತು ಒಂದು ಹಿಡಿ ಬೀಜ ತೆಗೆದಿಡಿರಿ.

2. ಕಂಪನಿಯ ವಿಳಾಸವನ್ನು ಪೆಟ್ಟಿಗೆಯ ಮೇಲಿಂದಲೋ ರಸೀದಿಯಿಂದಲೋ ತೆಗೆದುಕೊಳ್ಳಿರಿ. ಹೆಸರಿನ ಪಕ್ಕದ ನೀಲಿ ಗುರುತನ್ನು ನಂಬಬೇಡಿರಿ. ಎಕ್ಸ್ ತಾಣದಲ್ಲಿ ಅದು ಹಣಕ್ಕೆ ಸಿಗುತ್ತದೆ.

3. ಬೈಗುಳ ಬೇಡ. ಏನು ಕೊಂಡಿರಿ, ಎಂದು ಕೊಂಡಿರಿ, ಏನು ಕೆಟ್ಟಿತು, ಏನು ಬೇಕು: ಇಷ್ಟೇ ಬರೆಯಿರಿ. ಮೊಬೈಲ್ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿರಿ.

4. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಅಥವಾ ಓಟಿಪಿ ಕೇಳಿದವನು ಕಳ್ಳನೇ ಸರಿ. ಮೋಸವಾದರೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿರಿ.

5. ದೂರಿನ ಸಂಖ್ಯೆ ಬರೆದಿಡಿರಿ. ಬಂದ ಉತ್ತರಗಳನ್ನು ಅಳಿಸಬೇಡಿರಿ.

ಕಂಪನಿ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಅದಕ್ಕೂ ಬಗ್ಗದಿದ್ದರೆ ವಿಜಯಪುರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯಿದೆಯಂತೆ ಎರಡು ವರ್ಷದೊಳಗೆ ಅರ್ಜಿ ಕೊಡಬೇಕು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ತೀರ್ಪು ಕೊಟ್ಟಿದೆ. ಬೀಜ ಮೊಳೆಯದಿದ್ದರೆ ಮಾತ್ರ ಮೊಬೈಲನ್ನೇ ನಂಬಿ ಕೂಡಬೇಡಿರಿ. ಬೆಳೆ ಹೊಲದಲ್ಲಿರುವಾಗಲೇ ರೈತ ಸಂಪರ್ಕ ಕೇಂದ್ರಕ್ಕೆ ಬರೆದುಕೊಟ್ಟು, ಬಂದು ನೋಡಲು ಹೇಳಿರಿ. ಹರಗಿದ ಹೊಲ ಸಾಕ್ಷಿ ಹೇಳುವುದಿಲ್ಲ.

ಆ ಪಂಪಿನ ಕತೆ ಮುಗಿಸುತ್ತೇನೆ. ಮರುವಾರ ನಾವು ಪೆಟ್ಟಿಗೆಯ ಮೇಲಿನ ವಿಳಾಸ ಹಿಡಿದು ಕಂಪನಿಯ ನಿಜವಾದ ಖಾತೆಗೆ ನಾಲ್ಕು ಸಾಲು ಬರೆದೆವು. ರಸೀದಿಯ ಫೋಟೋವನ್ನು ಖಾಸಗಿಯಾಗಿ ಕಳಿಸಿದೆವು. ಎಂಟನೆಯ ದಿನ ಬೇರೆ ಪಂಪು ಬಂತು. ಅಷ್ಟರಲ್ಲಿ ಅವರು ನೆರೆಯವರ ಪಂಪು ತಂದು ಔಷಧ ಹೊಡೆದು ತೊಗರಿ ಉಳಿಸಿಕೊಂಡಿದ್ದರು. ಹೋದ ಹಣ ಮಾತ್ರ ಬರಲಿಲ್ಲ. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಅದಕ್ಕಾಗಿಯೇ ಇಂದು ನಿಮ್ಮೆದುರು ನಿಂತು ಇಷ್ಟು ಹೇಳಿದೆ. ನಿಮ್ಮಲ್ಲಿ ಯಾರಿಗಾದರೂ ಇಂಥ ಕರೆ ಬಂದರೆ, ಮೊದಲು ಫೋನು ಇಡಿರಿ. ಆಮೇಲೆ ನನ್ನನ್ನು ಕರೆಯಿರಿ.