ಕಿಡಿ ಎಲ್ಲಿ ತಪ್ಪಿತು?



ಹಳೆಯ ಕಾರೊಂದರ ಕೀಲಿ ತಿರುಗಿಸುತ್ತೇವೆ. ಸ್ಟಾರ್ಟರ್ ತಿರುಗುತ್ತಿರುವಷ್ಟು ಹೊತ್ತು ಎಂಜಿನ್ ಹೊತ್ತಿಕೊಳ್ಳುತ್ತದೆ. ಕೀಲಿಯನ್ನು ಬಿಟ್ಟೊಡನೆ ನಿಂತುಬಿಡುತ್ತದೆ. ಪೆಟ್ರೋಲ್ ಇದೆ, ಬ್ಯಾಟರಿಯೂ ಚೆನ್ನಾಗಿದೆ. ಹಾಗಾದರೆ ದೋಷ ಎಲ್ಲಿ? ಊಹೆಯ ಮೇಲೆ ಒಂದೊಂದೇ ಬಿಡಿಭಾಗವನ್ನು ಬದಲಿಸುತ್ತ ಹೋದರೆ ಹಣ ಕರಗುತ್ತದೆ, ದೋಷ ಉಳಿಯುತ್ತದೆ. ಇದಕ್ಕೆ ಉತ್ತರ ನಿಮ್ಮ ಭೌತಶಾಸ್ತ್ರದ ಪಠ್ಯದಲ್ಲೇ ಇದೆ.

ಉದಾಹರಣೆಗೆ ಅಮೆರಿಕದ ಕ್ರೈಸ್ಲರ್ ಕಂಪನಿಯ ಡಾಡ್ಜ್ ಡಾರ್ಟ್ ಕಾರನ್ನು ತೆಗೆದುಕೊಳ್ಳೋಣ. ಈ ಕಂಪನಿ ಅಲ್ಲಿ ತಯಾರಿಸಿದ 1973ರ ಮಾದರಿಯ ಕಾರುಗಳಿಗೆಲ್ಲ ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸಿತು. ಅದಕ್ಕೆ ಮೊದಲು, ನಮ್ಮ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಬಹುಕಾಲ ಇದ್ದಂತೆ, ಕಾಂಟಾಕ್ಟ್ ಪಾಯಿಂಟುಗಳು ಈ ಕೆಲಸ ಮಾಡುತ್ತಿದ್ದವು. ಅವು ಉಜ್ಜಿ, ಸುಟ್ಟು ಸವೆಯುತ್ತವೆ.

ಹೊಸ ವ್ಯವಸ್ಥೆಯಲ್ಲಿ ಡಿಸ್ಟ್ರಿಬ್ಯೂಟರ್ ಒಳಗೆ ಹಲ್ಲುಳ್ಳ ಉಕ್ಕಿನ ಚಕ್ರವೊಂದು ತಿರುಗುತ್ತದೆ. ಪಕ್ಕದಲ್ಲಿ ಅಯಸ್ಕಾಂತವಿರುವ ಪಿಕಪ್ ಕಾಯಿಲ್ ಇದೆ. ಹಲ್ಲು ಹಾದುಹೋದಾಗಲೆಲ್ಲ ಅದರಲ್ಲಿ ಸಣ್ಣ ವಿದ್ಯುತ್ ಪ್ರೇರಿತವಾಗುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು. ಈ ಸಂಕೇತ ಸಿಕ್ಕೊಡನೆ ಮಾಡ್ಯೂಲ್ ಎಂಬ ಪೆಟ್ಟಿಗೆಯೊಳಗಿನ ಟ್ರಾನ್ಸಿಸ್ಟರು ಇಗ್ನಿಷನ್ ಕಾಯಿಲಿನ ಪ್ರಾಥಮಿಕ ಸುರುಳಿಯ ಪ್ರವಾಹವನ್ನು ಕತ್ತರಿಸುತ್ತದೆ. ಆಗ ದ್ವಿತೀಯಕ ಸುರುಳಿಯಲ್ಲಿ ಸಾವಿರಾರು ವೋಲ್ಟು ಹುಟ್ಟಿ, ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ.

ಈ ದಾರಿಯನ್ನು ತಿಳಿದವರಿಗೆ ಪರೀಕ್ಷೆ ಸುಲಭ. ದಾರಿಯ ನಡುವೆ ನಿಂತು ನೋಡಬೇಕು. ಇಗ್ನಿಷನ್ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ದಪ್ಪ ತಂತಿಯಲ್ಲಿ ಕಿಡಿ ಬರುತ್ತಿದೆಯೇ? ಬರುತ್ತಿದ್ದು ಪ್ಲಗ್ಗಿನಲ್ಲಿ ಮಾತ್ರ ಇಲ್ಲದಿದ್ದರೆ, ದೋಷ ಮುಂದಿನ ಭಾಗದ್ದು. ಬಿರುಕು ಬಿಟ್ಟ ಅಥವಾ ಒದ್ದೆಯಾದ ಡಿಸ್ಟ್ರಿಬ್ಯೂಟರ್ ಮುಚ್ಚಳ, ಸುಟ್ಟ ರೋಟರ್, ಹಳೆಯ ಪ್ಲಗ್ ತಂತಿ, ಇವನ್ನು ನೋಡಬೇಕು. ಅಲ್ಲೂ ಕಿಡಿ ಇಲ್ಲದಿದ್ದರೆ ಹಿಂದಕ್ಕೆ ಬನ್ನಿ. ಒಂದೇ ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯಿತು.

ಒಂದು ಎಚ್ಚರಿಕೆ. ತಂತಿಯನ್ನು ಕೈಯಲ್ಲಿ ಹಿಡಿದು ಕಿಡಿ ನೋಡಲೇಬಾರದು. ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಆಘಾತ ಅಪಾಯಕಾರಿ. ಎಂಜಿನ್ನಿನ ಲೋಹಕ್ಕೆ ಕಚ್ಚಿಸುವ ಸ್ಪಾರ್ಕ್ ಟೆಸ್ಟರನ್ನೇ ಬಳಸಿ. ಹತ್ತಿರದಲ್ಲಿ ಪೆಟ್ರೋಲ್ ಸೋರಿಕೆ ಇರಕೂಡದು. ತಿಳಿದವರು ಜೊತೆಯಲ್ಲಿರಲಿ.

ಈಗ ನಮ್ಮ ಒಗಟಿಗೆ ಬರೋಣ. ಈ ಕಾರಿನಲ್ಲಿ ಬ್ಯಾಟರಿ ಮತ್ತು ಇಗ್ನಿಷನ್ ಕಾಯಿಲಿನ ನಡುವೆ ಬ್ಯಾಲಸ್ಟ್ ಎಂಬ, ಸುಮಾರು ಅರ್ಧ ಓಮ್‌ನ ರೋಧಕವಿದೆ. ಪ್ರಾಥಮಿಕ ಸುರುಳಿಯ ರೋಧ ಒಂದೂವರೆ ಓಮ್ ಎಂದಿಟ್ಟುಕೊಳ್ಳಿ. ಓಮ್‌ನ ನಿಯಮದಂತೆ 12 ವೋಲ್ಟಿಗೆ ನೇರವಾಗಿ 8 ಆಂಪಿಯರ್ ಹರಿಯಬಹುದು. ಬ್ಯಾಲಸ್ಟ್ ಸೇರಿದರೆ 6 ಆಂಪಿಯರ್. ಹೀಗೆ ಅದು ಕಾಯಿಲು ಅತಿಯಾಗಿ ಕಾಯದಂತೆ ಕಾಪಾಡುತ್ತದೆ. ಆದರೆ ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ವೋಲ್ಟೇಜು ಇಳಿಯುತ್ತದೆ. ಆದ್ದರಿಂದ ಆ ಹೊತ್ತಿನಲ್ಲಿ ಮಾತ್ರ ವಿದ್ಯುತ್ತು ಬ್ಯಾಲಸ್ಟನ್ನು ಬಳಸಿಕೊಳ್ಳದೆ ಬೇರೆ ತಂತಿಯಲ್ಲಿ ಹೋಗುತ್ತದೆ. ಬ್ಯಾಲಸ್ಟ್ ತುಂಡಾಗಿದ್ದರೆ? ಸ್ಟಾರ್ಟರ್ ತಿರುಗುವಾಗ ಕಿಡಿ ಇರುತ್ತದೆ, ಕೀಲಿ ಬಿಟ್ಟರೆ ಇಲ್ಲ! ಇಗ್ನಿಷನ್ ಆರಿಸಿ, ಬ್ಯಾಲಸ್ಟಿನ ತಂತಿಗಳನ್ನು ಕಳಚಿ, ಮಲ್ಟಿಮೀಟರಿನಲ್ಲಿ ಓಮ್ ಅಳೆದರೆ ಸಂಶಯ ತೀರುತ್ತದೆ.

ಎಂಜಿನ್ ಹೊತ್ತಿಕೊಳ್ಳುವುದೇ ಇಲ್ಲವಾದರೆ ಇನ್ನೂ ಮೂರನ್ನು ನೋಡಬೇಕು. ಮಾಡ್ಯೂಲಿನ ಲೋಹದ ಕವಚ ಕಾರಿನ ಬಾಡಿಗೆ ಚೆನ್ನಾಗಿ ತಾಗಿರಬೇಕು. ನಡುವೆ ತುಕ್ಕು ಅಥವಾ ಬಣ್ಣ ಬಂದರೆ ಸರ್ಕ್ಯೂಟ್ ಪೂರ್ಣವಾಗುವುದಿಲ್ಲ. ಕನೆಕ್ಟರುಗಳು ಶುಚಿಯಾಗಿರಬೇಕು. ಪಿಕಪ್ ಕಾಯಿಲಿನ ತಂತಿ ತುಂಡಾಗಿರಬಾರದು. ಇವೆಲ್ಲ ಸರಿಯಿದ್ದ ಮೇಲೆಯೇ ಮಾಡ್ಯೂಲನ್ನು ಸಂಶಯಿಸಬೇಕು. ತಣ್ಣಗಿದ್ದಾಗ ಸರಿಯಿದ್ದು ಕಾದಾಗ ಕೈಕೊಡುವ ಭಾಗಗಳೂ ಉಂಟು. ಅವನ್ನು ದೋಷ ಕಾಣಿಸಿಕೊಂಡ ಹೊತ್ತಿನಲ್ಲೇ ಪರೀಕ್ಷಿಸಬೇಕು.

ರೋಗ ತಿಳಿಯದೆ ಮದ್ದು ಕೊಡಬಾರದೆಂದು ಹಿರಿಯರು ಹೇಳುತ್ತಾರೆ. ಯಂತ್ರಕ್ಕೂ ಅದು ಸಲ್ಲುತ್ತದೆ. ಪ್ರಯೋಗಶಾಲೆಯಲ್ಲಿ ಅಂಕಗಳಿಗಾಗಿ ಮಾತ್ರ ಮಲ್ಟಿಮೀಟರ್ ಹಿಡಿಯಬೇಡಿ. ಮೊದಲು ದಾರಿಯನ್ನು ತಿಳಿಯಿರಿ, ಆಮೇಲೆ ಅಳೆಯಿರಿ, ಕೊನೆಗೆ ಬದಲಿಸಿ. ಈ ಕ್ರಮ ಕೈಗೂಡಿದರೆ ಕಾರು ಮಾತ್ರವಲ್ಲ, ಮನೆಯ ಫ್ಯಾನು, ಪಂಪುಸೆಟ್ಟುಗಳೂ ನಿಮಗೆ ಅರ್ಥವಾಗತೊಡಗುತ್ತವೆ.