ಹೆದೆ ಬಿಡುವ ಗಳಿಗೆ



ದೂರದರ್ಶನದ ಕೆಲಸದಲ್ಲಿರುವ ನಮಗೆ ಒಂದು ದುರಭ್ಯಾಸವಿದೆ. ಯಾವ ವಿದ್ಯೆಯನ್ನು ಚಿತ್ರೀಕರಿಸಲು ಹೋದರೂ ಅದರ ಮುಖ್ಯ ಗಳಿಗೆ ಯಾವುದೆಂದು ಮೊದಲು ಕೇಳುತ್ತೇವೆ. ಕ್ಯಾಮರಾವನ್ನು ಅದರತ್ತಲೇ ತಿರುಗಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಬಿದಿರಿನ ಬಿಲ್ಲುಗಾರಿಕೆಯನ್ನು ಕುರಿತು ಒಂದು ಚಿಕ್ಕ ಕಾರ್ಯಕ್ರಮ ಮಾಡುವಾಗಲೂ ಹಾಗೆಯೇ ಆಯಿತು. ಬೆರಳು ಹೆದೆಯನ್ನು ಬಿಡುವ ಗಳಿಗೆಯನ್ನು ಹಿಡಿಯಬೇಕೆಂದು ಹಿರಿಯ ಬಿಲ್ಲುಗಾರರೊಬ್ಬರ ಕೆನ್ನೆಯ ಬಳಿ ಕ್ಯಾಮರಾ ನಿಲ್ಲಿಸಿ ಇಪ್ಪತ್ತು ಬಾಣ ಬಿಡಿಸಿದೆವು. ಸಂಕಲನದ ಮೇಜಿನ ಮುಂದೆ ಕುಳಿತು ನೋಡಿದರೆ, ಒಂದು ಚಿತ್ರದಲ್ಲಿ ಹೆದೆ ಬೆರಳಿನಲ್ಲಿದೆ. ಮರುಚಿತ್ರದಲ್ಲಿ ಬಾಣವೇ ಇಲ್ಲ. ನಾವು ಹುಡುಕುತ್ತಿದ್ದ ಗಳಿಗೆ ಎರಡು ಚಿತ್ರಗಳ ನಡುವೆ ಜಾರಿಹೋಗಿತ್ತು.

ಕಾರಣ ಸರಳ ಲೆಕ್ಕದ್ದು. ನಮ್ಮ ಕ್ಯಾಮರಾ ಸೆಕೆಂಡಿಗೆ ೨೫ ಚಿತ್ರ ತೆಗೆಯುತ್ತದೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ೪೦ ಮಿಲಿಸೆಕೆಂಡು. ಬಿಲ್ಲಿನ ಹೆದೆ ಅರ್ಧ ಮೀಟರಿನಷ್ಟು ಮುಂದಕ್ಕೋಡಿ ಬಾಣವನ್ನು ಸೆಕೆಂಡಿಗೆ ೪೫ ಮೀಟರ್ ವೇಗದಲ್ಲಿ ಕಳಿಸುತ್ತದೆಂದು ಇಟ್ಟುಕೊಳ್ಳಿ. ಬೆರಳು ಬಿಟ್ಟಾಗಿನಿಂದ ಬಾಣ ಹೆದೆಯಿಂದ ಬೇರೆಯಾಗುವವರೆಗೆ ಹಿಡಿಯುವ ಕಾಲ ಸುಮಾರು ೨೦ ಮಿಲಿಸೆಕೆಂಡು ಮಾತ್ರ. ನಾವು ಏನನ್ನಾದರೂ ಕಂಡು ಅಥವಾ ಕೇಳಿ ಕೈಯನ್ನು ಅಲುಗಿಸಲು ಸುಮಾರು ೧೫೦ರಿಂದ ೨೫೦ ಮಿಲಿಸೆಕೆಂಡು ಬೇಕು. ಎಂದರೆ, ಬೆರಳು ತಪ್ಪು ಮಾಡಿತೆಂದು ನಿಮಗೆ ತಿಳಿದು ಕೈ ತಿದ್ದುವ ಹೊತ್ತಿಗೆ ಬಾಣ ಹೊರಟು ಬಹಳ ದೂರ ಹೋಗಿರುತ್ತದೆ. ಹೆದೆ ಬಿಡುವ ಗಳಿಗೆಯಲ್ಲಿ ತಿದ್ದುವುದಕ್ಕೆ ಏನೂ ಇಲ್ಲ. ತಿದ್ದುವುದೆಲ್ಲ ಅದಕ್ಕೆ ಮುಂಚೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು. ವಿಜ್ಞಾನ ಓದಿದ ನನಗೆ ಲೆಕ್ಕ ಒಂದೇ ಸಂಜೆಯಲ್ಲಿ ತಿಳಿಯಿತು. ಅದರ ಅರ್ಥ ತಿಳಿಯಲು ಎರಡು ವರ್ಷ ಹಿಡಿಯಿತು.

ಆ ಕಾರ್ಯಕ್ರಮ ಮುಗಿದ ಮೇಲೆ ನಾನೂ ಬಿಲ್ಲು ಹಿಡಿದೆ. ಆಗಲೇ ನಲವತ್ತು ದಾಟಿತ್ತು. ನಮ್ಮ ದೇಶದಲ್ಲಿ ಬಿದಿರಿನ ಬಿಲ್ಲಿಗೆಂದೇ 'ಇಂಡಿಯನ್ ರೌಂಡ್' ಎಂಬ ಸ್ಪರ್ಧಾವಿಭಾಗವಿದೆ. ೫೦ ಮತ್ತು ೩೦ ಮೀಟರ್ ದೂರದಿಂದ ಬಾಣ ಬಿಡುತ್ತಾರೆ. ನಾನು ಸ್ಪರ್ಧೆಗೆ ಹೋಗುವವನಲ್ಲ. ಭಾನುವಾರದ ಬೆಳಗಿನಲ್ಲಿ ೩೦ ಮೀಟರಿನಿಂದ ಹಳದಿ ಬಣ್ಣದ ನಡುವನ್ನು ಮುಟ್ಟಿದರೆ ಸಾಕೆಂದುಕೊಂಡವನು. ಮೊದಲ ಆರು ತಿಂಗಳು ಸೊಗಸಾಗಿ ಕಳೆದವು. ಆಮೇಲೆ ಬಾಣಗಳು ಎಡಕ್ಕೆ ಹೋಗತೊಡಗಿದವು. ನಾನು ಗುರಿಯನ್ನು ಬಲಕ್ಕೆ ಇಟ್ಟೆ. ಸ್ವಲ್ಪ ದಿನ ಸರಿಹೋಯಿತು, ಮತ್ತೆ ಎಡಕ್ಕೆ. ಬೆರಳನ್ನು ಇನ್ನೂ ಚುರುಕಾಗಿ ಬಿಡಿಸಲು ಹೋದೆ. ಕೊನೆಗೆ, ಬಾಣದ ಮೊನೆ ಹಳದಿಯ ಹತ್ತಿರ ಬಂದ ಕೂಡಲೇ ನನ್ನ ಅಪ್ಪಣೆ ಇಲ್ಲದೆ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳತೊಡಗಿದವು. ಹೆದೆ ಕೆನ್ನೆಯವರೆಗೆ ಬರುವುದೇ ನಿಂತುಹೋಯಿತು. ಬಿಲ್ಲುಗಾರರು ಇದನ್ನು ಟಾರ್ಗೆಟ್ ಪ್ಯಾನಿಕ್ ಎನ್ನುತ್ತಾರೆ. ಗುರಿಯ ಭಯ ಎನ್ನಬಹುದು. ನನ್ನದೇ ಕೈ ನನ್ನ ಮಾತು ಕೇಳದಿರುವುದನ್ನು ನೋಡುವಾಗ ಆಗುವ ನಾಚಿಕೆ ಅನುಭವಿಸಿದವರಿಗೇ ಗೊತ್ತು. ಒಂದು ಸಂಜೆ ಬಿಲ್ಲನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ಅದನ್ನು ಮತ್ತೆ ಕೆಳಗಿಳಿಸಿದವರು ನಮ್ಮ ಕಾರ್ಯಕ್ರಮದಲ್ಲಿ ಬಾಣ ಬಿಟ್ಟಿದ್ದ ಅದೇ ಹಿರಿಯರು. ನಾವೆಲ್ಲ ಅವರನ್ನು ಮೇಷ್ಟ್ರೆಂದೇ ಕರೆಯುತ್ತಿದ್ದೆವು. ನನ್ನ ಕಥೆಯನ್ನೆಲ್ಲ ಕೇಳಿ ಅವರು ಹೇಳಿದ್ದು ಇಷ್ಟೇ: "ಸಾರ್, ನೀವು ಬಾಣ ಬಿಡೋದನ್ನೇ ನೋಡ್ತಾ ಇದೀರಿ. ಬಿಲ್ಲು ಎಳೆಯೋದನ್ನ ಯಾರು ನೋಡ್ಬೇಕು?"

ಎಳೆಯುವುದರಲ್ಲಿ ಅಷ್ಟೇನಿದೆ? ಮತ್ತೆ ಲೆಕ್ಕ ಮಾಡೋಣ. ಬಾಣದ ಉದ್ದ ೭೦ ಸೆಂಟಿಮೀಟರ್ ಇರಲಿ. ಮೊನೆ ಇದ್ದಲ್ಲೇ ಇದ್ದು, ಕೆನ್ನೆಯ ಬಳಿ ಬಾಣದ ಬುಡ ೧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ೩೦ ಮೀಟರ್ ದೂರದಲ್ಲಿ ಅದು ಸುಮಾರು ೪೩ ಮಿಲಿಮೀಟರ್ ಆಗುತ್ತದೆ. ೮೦ ಸೆಂಟಿಮೀಟರ್ ಅಗಲದ ಗುರಿಹಲಗೆಯಲ್ಲಿ ಒಂದೊಂದು ಅಂಕದ ಪಟ್ಟಿಯ ಅಗಲ ೪೦ ಮಿಲಿಮೀಟರ್. ಹಾಗಾದರೆ ಕೆನ್ನೆಯ ಬಳಿಯ ಒಂದು ಮಿಲಿಮೀಟರಿಗೆ ಒಂದು ಅಂಕ! ರಾಜಸ್ಥಾನದ ಲಿಂಬಾ ರಾಮ್ ಬಾಲ್ಯದಲ್ಲಿ ಹಿಡಿದದ್ದು ಬಿದಿರಿನ ಬಿಲ್ಲು. ಅವರು ೧೯೯೨ರಲ್ಲಿ ಬೀಜಿಂಗ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ, ಆಧುನಿಕ ಬಿಲ್ಲಿನಿಂದ, ೩೦ ಮೀಟರ್ ದೂರದಲ್ಲಿ ೩೬೦ಕ್ಕೆ ೩೫೭ ಅಂಕ ಪಡೆದು ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ೩೬ ಬಾಣಗಳಲ್ಲಿ ಕಳೆದುಕೊಂಡದ್ದು ಮೂರೇ ಅಂಕ. ಆಧುನಿಕ ಬಿಲ್ಲಿಗೆ ಎಷ್ಟು ಸಲಕರಣೆ ಇದ್ದರೂ ಹೆದೆ ಹಿಡಿಯುವುದು ಬೆರಳೇ, ಬಿಡುವುದೂ ಬೆರಳೇ. ಆ ಕೈ ೩೬ ಸಲವೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದಿರಬೇಕು.

ಒಂದೇ ಜಾಗಕ್ಕೆ ಬರುವುದು ಹೇಗೆ? ಮೇಷ್ಟ್ರು ನನ್ನನ್ನು ಕಾಲಿನಿಂದ ತಿದ್ದಲು ತೊಡಗಿದರು. ಗುರಿಗೆ ಪಕ್ಕವಾಗಿ, ಪಾದಗಳನ್ನು ಭುಜದಷ್ಟು ಅಗಲಿಸಿ, ಮೈಭಾರವನ್ನು ಎರಡೂ ಕಾಲಿಗೆ ಹಂಚಿ ನಿಲ್ಲಬೇಕು. ಬಿಲ್ಲು ಹಿಡಿದ ಎಡಗೈಯನ್ನು ಮುಷ್ಟಿ ಕಟ್ಟಬಾರದು. ಹೆಬ್ಬೆರಳಿನ ಬುಡದ ಮಾಂಸದ ಮೇಲೆ ಬಿಲ್ಲು ಒರಗಿದರೆ ಸಾಕು. ಮುಷ್ಟಿ ಬಿಗಿದರೆ ಬಿಲ್ಲು ತಿರುಚುತ್ತದೆ. ಬಲಗೈಯ ಮೂರು ಬೆರಳುಗಳ ಮೊದಲ ಗೆಣ್ಣಿನಲ್ಲಿ ಹೆದೆ ಕೂರಬೇಕು; ಬಾಣದ ಮೇಲೆ ಒಂದು ಬೆರಳು, ಕೆಳಗೆ ಎರಡು. ಬಾಣದ ಬುಡವನ್ನು ಬೆರಳುಗಳಿಂದ ಚಿವುಟಬಾರದು. ಆ ಬೆರಳುಗಳು ಬಾವಿಯ ಹಗ್ಗದ ಕೊಕ್ಕೆಯಂತೆ. ಕೊಕ್ಕೆಗೆ ಎಳೆಯುವ ಕೆಲಸವಿಲ್ಲ.

ಈ ಮೂರು ಬೆರಳಿನ ಪದ್ಧತಿಯಲ್ಲಿ ಹೆಬ್ಬೆರಳಿಗೆ ಏನೂ ಕೆಲಸವಿಲ್ಲ ಎಂಬುದನ್ನು ಗಮನಿಸಿ. ಹಾಗಿದ್ದರೆ ದ್ರೋಣರು ಏಕಲವ್ಯನಿಂದ ಹೆಬ್ಬೆರಳನ್ನೇ ಏಕೆ ಕೇಳಿದರು? ಹೆಬ್ಬೆರಳನ್ನು ಹೆದೆಗೆ ಸುತ್ತಿ ಎಳೆಯುವ ಪದ್ಧತಿಯೊಂದಿದೆ. ತುರ್ಕರು, ಮಂಗೋಲರು, ಕೊರಿಯದವರು ಹಾಗೆಯೇ ಎಳೆದವರು. ಏಕಲವ್ಯನ ಕಥೆ ಕಟ್ಟಿದವರ ಕಣ್ಣಮುಂದೆ ಇದ್ದದ್ದೂ ಅದೇ ಇರಬೇಕು. ಕೊಕ್ಕೆ ಯಾವುದಾದರೂ ಆಗಬಹುದು. ಎಳೆಯುವುದು ಮಾತ್ರ ಬೆನ್ನು.

ಹೌದು, ಬೆನ್ನು. ಹೆದೆಯನ್ನು ತೋಳಿನಿಂದ ಎಳೆದರೆ ತೋಳು ಬೇಗ ದಣಿಯುತ್ತದೆ, ನಡುಗುತ್ತದೆ. ಮೊಣಕೈಯನ್ನು ಬಾಣದ ನೇರಕ್ಕೆ ಹಿಂದೆ ಒಯ್ದು, ಭುಜಗಳ ಹಿಂದಿರುವ ಹಲಗೆಯಂಥ ಎರಡು ಮೂಳೆಗಳು ಒಂದಕ್ಕೊಂದು ಹತ್ತಿರವಾಗುವಂತೆ ಎಳೆದರೆ, ಭಾರವೆಲ್ಲ ಬೆನ್ನಿನ ದೊಡ್ಡ ಸ್ನಾಯುಗಳಿಗೆ ಹೋಗುತ್ತದೆ. ಮುಂಗೈ, ಮಣಿಕಟ್ಟು ಸಡಿಲವಾಗಿರುತ್ತವೆ. ತೋರುಬೆರಳು ಬಾಯಿಯ ಮೂಲೆಯನ್ನು ಮುಟ್ಟಿದಾಗ ಎಳೆತ ಮುಗಿಯಿತು. ಪ್ರತಿ ಸಲವೂ ಅದೇ ಮೂಲೆ, ಅದೇ ಹಲ್ಲಿನ ನೇರ.

ಅಲ್ಲಿ ಒಂದೆರಡು ಸೆಕೆಂಡು ನಿಲ್ಲಬೇಕು.  ಇಂಗ್ಲೆಂಡಿನ ರೋಜರ್ ಆ್ಯಸ್ಕಮ್ ೧೫೪೫ರಲ್ಲಿ ಪ್ರಕಟಿಸಿದ 'ಟಾಕ್ಸೊಫಿಲಸ್' ಎಂಬ ಗ್ರಂಥದಲ್ಲಿ ಬಿಲ್ಲುಗಾರಿಕೆಯನ್ನು ಐದು ಭಾಗ ಮಾಡಿದ್ದಾನೆ: ನಿಲ್ಲುವುದು, ಬಾಣ ಹೂಡುವುದು, ಎಳೆಯುವುದು, ತಡೆದು ಹಿಡಿಯುವುದು, ಬಿಡುವುದು. ಬಿಡುವುದಕ್ಕೆ ಮುಂಚೆ ನಾಲ್ಕು ಕೆಲಸಗಳಿವೆ. ನಾನು ನಾಲ್ಕನೆಯದನ್ನು ಪೂರ್ತಿ ಬಿಟ್ಟು ಐದನೆಯದನ್ನು ತಿದ್ದಲು ಒದ್ದಾಡುತ್ತಿದ್ದೆ.

ಈಗ ಬಿಡುವ ಮಾತು. ಬೆನ್ನು ಎಳೆಯುತ್ತಲೇ ಇರುವಾಗ ಬೆರಳುಗಳ ಬಿಗಿಯನ್ನು ಕಳೆದರೆ ಸಾಕು, ಹೆದೆಯೇ ಅವುಗಳನ್ನು ತಳ್ಳಿಕೊಂಡು ಹೋಗುತ್ತದೆ. ಕೈ ತಾನಾಗಿ ಹಿಂದೆ ಸರಿದು ಕಿವಿಯ ಕೆಳಗೆ ನಿಲ್ಲುತ್ತದೆ. ಬೆರಳನ್ನು ಬಲವಂತವಾಗಿ ಬಿಚ್ಚಿದರೆ ಕೈ ಕೆನ್ನೆಯಿಂದ ಹೊರಕ್ಕೆ ಹಾರುತ್ತದೆ, ಹೆದೆ ಪಕ್ಕಕ್ಕೆ ಸೆಳೆಯಲ್ಪಡುತ್ತದೆ. ಬಲಗೈ ಬಿಲ್ಲುಗಾರನ ಬಾಣ ಸಾಮಾನ್ಯವಾಗಿ ಎಡಕ್ಕೆ ಹೋಗುತ್ತದೆ. ಬಿಡುವ ಮುಂಚೆ ಬೆನ್ನು ಸೋತು ಕೈ ಮುಂದಕ್ಕೆ ಜಾರಿದರೆ ಬಾಣಕ್ಕೆ ಬಲ ಕಡಮೆಯಾಗಿ ಕೆಳಗೆ ಬೀಳುತ್ತದೆ.

ಆದರೆ ಎಡಕ್ಕೆ ಹೋದ ಬಾಣಗಳೆಲ್ಲ ಕೈಯ ತಪ್ಪಲ್ಲ. ಬಾಣ ಬಿಲ್ಲಿನ ಪಕ್ಕದಲ್ಲಿ ಕೂತಿರುತ್ತದೆ. ಹೆದೆ ಬಿಲ್ಲಿನ ನಡುವಿಗೆ ಓಡುತ್ತದೆ. ಹಾಗಿದ್ದೂ ಬಾಣ ನೇರ ಹೋಗುವುದಾದರೂ ಹೇಗೆ? ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ೧೯೩೦ರ ದಶಕದಲ್ಲಿ ಅತಿವೇಗದ ಚಲನಚಿತ್ರ ತೆಗೆದು ತೋರಿಸಿದರು: ಬಾಣ ಹಾವಿನಂತೆ ಬಳುಕಿ ಬಿಲ್ಲನ್ನು ಬಳಸಿಕೊಂಡು ಹೋಗುತ್ತದೆ. ಆದ್ದರಿಂದ ಬಾಣದ ಬಿರುಸು ಬಿಲ್ಲಿನ ಬಲಕ್ಕೆ ಹೊಂದಬೇಕು. ಬಿಲ್ಲಿನ ಎಡಮಗ್ಗುಲಲ್ಲಿ ಬಾಣ ಇಡುವವರಿಗೆ ತೀರ ಬಿರುಸಾದ ಬಾಣ ಎಡಕ್ಕೂ ತೀರ ಬಳುಕುವ ಬಾಣ ಬಲಕ್ಕೂ ಹೋಗುತ್ತದೆ. ತಪ್ಪು ಯಾರದೆಂದು ತಿಳಿಯಲು ಒಂದು ಉಪಾಯವಿದೆ. ಬಾಣಗಳೆಲ್ಲ ಎಡಕ್ಕೆ ಒಂದೇ ಗುಂಪಾಗಿ ಚುಚ್ಚಿದ್ದರೆ ಬಾಣವನ್ನು ಪರೀಕ್ಷಿಸಿ. ಒಂದು ನಡುವೆ, ಎರಡು ಎಡಕ್ಕೆ, ಒಂದು ಕೆಳಗೆ ಎಂದು ಚದರಿದ್ದರೆ ಕೈಯನ್ನು ಪರೀಕ್ಷಿಸಿ. ಈಗ ಹಲವು ಮೊಬೈಲ್ ಫೋನುಗಳೇ ಸೆಕೆಂಡಿಗೆ ೨೪೦ ಚಿತ್ರ ತೆಗೆಯುತ್ತವೆ. ಅಂದು ನಮಗೆ ದಕ್ಕದ ಗಳಿಗೆಯಲ್ಲಿ ಇಂದು ನಾಲ್ಕೈದು ಚಿತ್ರ ಸಿಗುತ್ತವೆ. ಅವುಗಳಲ್ಲಿ ಬೆರಳಿಗಿಂತ ಮೊಣಕೈಯನ್ನು ನೋಡಿ. ಬಿಟ್ಟ ಮೇಲೆ ಅದು ಹಿಂದೆ ಹೋಯಿತೋ ಮುಂದೆ ಬಂದಿತೋ ಎಂಬುದು ಎಲ್ಲವನ್ನೂ ಹೇಳುತ್ತದೆ.

ಇನ್ನು ಭಯದ ಮಾತು. ಮೇಷ್ಟ್ರು ನನ್ನಿಂದ ಗುರಿಹಲಗೆಯನ್ನೇ ಕಿತ್ತುಕೊಂಡರು. ಇನ್ನೂ ಹಗುರವಾದ ಬಿಲ್ಲು ಕೊಟ್ಟು, ಒತ್ತಿ ಕಟ್ಟಿದ ದೊಡ್ಡ ಹುಲ್ಲಿನ ಹೊರೆಯ ಮುಂದೆ ಮೂರು ಹೆಜ್ಜೆ ದೂರದಲ್ಲಿ ನಿಲ್ಲಿಸಿದರು. ತಾವು ಪಕ್ಕದಲ್ಲಿ ನಿಂತು, ಕಣ್ಣು ಮುಚ್ಚಿ ಎಳೆಯಲು ಹೇಳಿದರು. ಮೂರರಲ್ಲಿ ಎರಡು ಸಲ ಬಾಣವನ್ನು ಬಿಡದೆ, ತಡೆದು, ಮೆಲ್ಲಗೆ ಹೆದೆಯನ್ನು ಮುಂದಕ್ಕೆ ಇಳಿಸಬೇಕು. ಮೂರನೆಯ ಸಲ ಬಿಡಬಹುದು. ಎಳೆದದ್ದನ್ನೆಲ್ಲ ಬಿಡಲೇಬೇಕೆಂಬ ಕಟ್ಟುಪಾಡು ಕೈಗೆ ತಪ್ಪಿದಾಗ ಭಯವೂ ಸಡಿಲವಾಯಿತು. ನಾಲ್ಕು ತಿಂಗಳು ಗುರಿಯ ಮುಖ ನೋಡಲಿಲ್ಲ. ಐದನೆಯ ತಿಂಗಳು ಹತ್ತು ಮೀಟರಿನಿಂದ ತೊಡಗಿ, ಸಂಕ್ರಾಂತಿಯ ವೇಳೆಗೆ ಮತ್ತೆ ೩೦ ಮೀಟರಿಗೆ ಬಂದೆ. ಈಗಲೂ ಕೆಲವು ಬೆಳಗು ಆ ಭಯ ಇಣುಕುತ್ತದೆ. ಆಗ ಹೆದೆ ಇಳಿಸುತ್ತೇನೆ, ಉಸಿರು ಬಿಡುತ್ತೇನೆ, ಮತ್ತೆ ಎಳೆಯುತ್ತೇನೆ.

ಮೂರು ಎಚ್ಚರಿಕೆಗಳು. ಬಾಣವಿಲ್ಲದೆ ಹೆದೆಯನ್ನು ಎಂದೂ ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ಹೊಡೆದು ಬಿಲ್ಲು ಸೀಳಬಹುದು. ಮುಂದೆ ಅಥವಾ ಗುರಿಯ ಹಿಂದೆ ಜನರೋ ದನಕರುವೋ ಇರುವಾಗ ಬಾಣ ಹೂಡಲೇಬೇಡಿ. ಕಣ್ಣು ಮುಚ್ಚುವ ಅಭ್ಯಾಸವನ್ನು ತಿಳಿದವರು ಪಕ್ಕದಲ್ಲಿಲ್ಲದೆ ಮಾಡಬೇಡಿ.

ಜಪಾನಿನ ಕ್ಯೂದೊ ಬಿಲ್ಲುಗಾರಿಕೆಯಲ್ಲಿ ಎಂಟು ಹಂತಗಳಿವೆ. ಬಾಣ ಬಿಡುವುದು ಏಳನೆಯದು. ಎಂಟನೆಯದರ ಹೆಸರು ಜಾನ್‌ಶಿನ್. ಬಾಣ ಹೋದ ಮೇಲೂ ಹಾಗೆಯೇ ನಿಂತಿರುವುದು. ಹೋದ ಬಾಣಕ್ಕೆ ಅದರಿಂದ ಲಾಭವಿಲ್ಲ, ನಿಜ. ಆದರೆ ಕೊನೆಯವರೆಗೆ ನಿಲ್ಲುವೆನೆಂದು ಮೊದಲೇ ನಿಶ್ಚಯಿಸಿದ ಮೈ, ಬಿಡುವ ಗಳಿಗೆಯಲ್ಲಿ ಕುಸಿಯುವುದಿಲ್ಲ.

ನಿಮ್ಮ ಬಳಿ ಬಿಲ್ಲಿಲ್ಲದಿದ್ದರೆ ಒಂದು ಪ್ರಯೋಗ ಮಾಡಿ ನೋಡಿ. ಅರ್ಧ ನೀರು ತುಂಬಿದ ಬಕೆಟ್ಟಿನ ಹಿಡಿಯನ್ನು ಮೂರು ಬೆರಳ ಕೊಕ್ಕೆಯಲ್ಲಿ ಹಿಡಿದು ನೆಲದಿಂದ ನಾಲ್ಕು ಬೆರಳು ಎತ್ತಿ. ಒಮ್ಮೆ ಬೆರಳನ್ನು ಬಲವಂತವಾಗಿ ಬಿಚ್ಚಿ. ಬಕೆಟ್ಟು ವಾಲಿ ಬಿದ್ದು ನೀರು ತುಳುಕುತ್ತದೆ. ಇನ್ನೊಮ್ಮೆ ಬೆರಳ ಬಿಗಿಯನ್ನು ಮಾತ್ರ ಕಳೆಯಿರಿ. ಅದು ನೇರ ಕೆಳಗೆ ಕೂರುತ್ತದೆ. ಎರಡಕ್ಕೂ ಇರುವ ಅಂತರ ನಿಮ್ಮ ಬೆರಳಿಗೆ ತಿಳಿದರೆ, ಮುಂದೆ ಎಂದಾದರೂ ಬಿಲ್ಲು ಹಿಡಿದಾಗ ಅದು ನೆನಪಿಗೆ ಬರುತ್ತದೆ.