ನಿಜಾಮರ ರೈಲು ಮತ್ತು ನಮ್ಮ ಸೀಮೆಯ ಕಂದಾಯ

(ದುಬಲಗುಂಡಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಹುಮನಾಬಾದಿಗೆ ರೈಲು ಬಂದು ಕಲಬುರಗಿ ಮುಟ್ಟಿದ್ದು 2017ರ ಅಕ್ಟೋಬರ್ 29ರಂದು. ಆದರೆ ನಮ್ಮ ಹೈದರಾಬಾದ್ ಸಂಸ್ಥಾನದ ಸ್ವಂತ ರೈಲು ಓಡಲು ತೊಡಗಿದ್ದು 1874ರಲ್ಲಿ. ನಡುವೆ 143 ವರ್ಷ! ಈ ಅಂತರ ಹೇಗೆ ಬಂತು?

ಮುಂಬೈಯಿಂದ ಮದ್ರಾಸಿಗೆ ಹೋಗುವ ಮುಖ್ಯ ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು. ಅದು ಕಲಬುರಗಿ, ಶಹಾಬಾದ್, ವಾಡಿ ಹಾದು ಹೋಯಿತೇ ಹೊರತು ರಾಜಧಾನಿ ಹೈದರಾಬಾದನ್ನು ಮುಟ್ಟಲಿಲ್ಲ. ಸಿಕಂದರಾಬಾದಿನಲ್ಲಿ ಬ್ರಿಟಿಷರ ದೊಡ್ಡ ದಂಡು ಇತ್ತು. ಅಲ್ಲಿಗೆ ಹಳಿ ಬೇಕೆಂಬುದು ಅವರ ಒತ್ತಾಯ. ಹಣ ಮಾತ್ರ ನಿಜಾಮರದು. ದಿವಾನ ಸಾಲಾರ್ ಜಂಗರ ಕಾಲದಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ಮೇಲೆ ಹಾದು ಆ ದಾರಿ ಸಿದ್ಧವಾಯಿತು. ನಮ್ಮ ಊರುಗಳು ಉತ್ತರಕ್ಕೇ ಉಳಿದವು.

ನಿಜವಾದ ಜಗಳ ಮುಂದೆ ಇದೆ. ಹಳಿಯನ್ನು ಚಾಂದಾ ಮತ್ತು ಬೆಜವಾಡದ ಕಡೆಗೆ ಬೆಳೆಸಲು 1883ರಲ್ಲಿ ಲಂಡನ್ನಿನ ಕಂಪನಿಯೊಂದಕ್ಕೆ ರೈಲನ್ನು ಒಪ್ಪಿಸುವ ಕರಾರಾಯಿತು. ಹೆಸರು ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ. ಈ 'ಗ್ಯಾರಂಟಿ' ಯಾರದು? ಹೂಡಿದ ಬಂಡವಾಳಕ್ಕೆ 20 ವರ್ಷ ಶೇಕಡಾ 5ರ ಲಾಭ ಖಚಿತ. ರೈಲು ಅಷ್ಟು ಗಳಿಸದಿದ್ದರೆ ಕೊರತೆಯನ್ನು ಸಂಸ್ಥಾನದ ಖಜಾನೆ ತುಂಬಬೇಕು. ಲಾಭವಾದರೆ ಲಂಡನ್ನಿಗೆ, ನಷ್ಟವಾದರೆ ನಮ್ಮ ಕೊರಳಿಗೆ. ಖಜಾನೆ ಎಂದರೆ ರೈತನ ಕಂದಾಯ ತಾನೆ? ರೈಲನ್ನೇ ನೋಡದ ಜೋಳದ ಹೊಲದವನೂ ಅದರ ಹೊಣೆ ಹೊತ್ತಂತಾಯಿತು.

ಕರಾರಿನ ಷರತ್ತುಗಳನ್ನು ಬಹಿರಂಗಪಡಿಸಿ, ಜನ ಚರ್ಚಿಸಲಿ ಎಂದು ಹೈದರಾಬಾದಿನ ಕೆಲ ವಿದ್ಯಾವಂತರು ಕೇಳಿದರು. ಅವರಲ್ಲಿ ಅಘೋರನಾಥ ಚಟ್ಟೋಪಾಧ್ಯಾಯ ಪ್ರಮುಖರು, ಸರೋಜಿನಿ ನಾಯ್ಡು ಅವರ ತಂದೆ. ಕೇಳಿದ್ದಕ್ಕೆ ಸಿಕ್ಕ ಉತ್ತರ ಗಡೀಪಾರು. ಪುಟ್ಟ ಮಗಳು ಸರೋಜಿನಿಗೆ ಆಗ ನಾಲ್ಕು ವರ್ಷ. ಅವರು ಮುಂದೆ ಹಿಂತಿರುಗಿದರೆನ್ನಿ. ರೈಲಿನ ಲೆಕ್ಕ ಕೇಳಿದವನಿಗೆ ಊರು ಬಿಡಿಸಿದ ಈ ಸಂಗತಿ ನಮ್ಮ ಶಾಲೆಯ ಪಾಠಗಳಲ್ಲಿ ಬರುವುದೇ ಇಲ್ಲ.

ಹಳಿ 1889ರ ಹೊತ್ತಿಗೆ ಬೆಜವಾಡ ಸೇರಿತು. ನಂತರ ಮನ್ಮಾಡ್ ಮಾರ್ಗ. ಬೀದರಿಗೆ ವಿಕಾರಾಬಾದಿನಿಂದ ಹಳಿ ಬಂದದ್ದು 1930ರ ಸುಮಾರಿಗೆ. ಅದೇ ಮಾರ್ಗ ಭಾಲ್ಕಿ ಮೇಲೆ ಪರಳಿ ವೈಜನಾಥದತ್ತ ಸಾಗಿತು. ಸಂಸ್ಥಾನ ಕಂಪನಿಯಿಂದ ರೈಲನ್ನು ಕೊಂಡುಕೊಂಡದ್ದೂ 1930ರಲ್ಲೇ, ಏಪ್ರಿಲ್ 1ರಂದು. ಬೀದರಿನಿಂದ ಕಲಬುರಗಿಗೆ ನೇರ ಹಳಿ ಮಾತ್ರ ಆಗಲೂ ಆಗಲಿಲ್ಲ. ನಿಜಾಮರ ರಾಜ್ಯ ಹೋಗಿ, 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿ, ಅದು ಕರ್ನಾಟಕವಾದ ಮೇಲೂ ಎಷ್ಟೋ ವರ್ಷ ಹುಮನಾಬಾದಿನವರು ಕಲಬುರಗಿಗೆ ಬಸ್ಸಿನಲ್ಲೇ ಹೋದರು. ಸುಮಾರು 110 ಕಿಲೋಮೀಟರಿನ ಹಳಿ ಅದು.